ಒಳಗೆ 7, ಹೊರಗೆ 23418

ನವಿ ಮುಂಬಯಿಗೆ ಹೊಸದಾಗಿ ಬಂದವರಿಗೆ ಮೊದಲ ಗೊಂದಲ ಸೆಕ್ಟರಿನದು. ರಿಕ್ಷಾ ಹತ್ತಿ ‘ಸೆಕ್ಟರ್ 15’ ಎಂದರೆ ಸಾಲದು, ಎಲ್ಲಿಯ ಸೆಕ್ಟರ್ 15 ಎಂದೂ ಹೇಳಬೇಕು. ಸಿಬಿಡಿ ಬೇಲಾಪುರದಲ್ಲಿ ಸೆಕ್ಟರ್ 15 ಇದೆ, ವಾಶಿಯಲ್ಲಿದೆ, ಖಾರ್ಘರಿನಲ್ಲೂ ಇದೆ. 1970ರಲ್ಲಿ ಹುಟ್ಟಿದ ಸಿಡ್ಕೊ ಈ ಶಹರವನ್ನು ಒಂದೇ ಗಂಟಾಗಿ ಕಟ್ಟಲಿಲ್ಲ. ನೋಡ್‌ಗಳಾಗಿ ವಿಂಗಡಿಸಿತು, ಪ್ರತಿ ನೋಡ್‌ನ ಸೆಕ್ಟರುಗಳಿಗೂ ಬೇರೆ ಬೇರೆ ಎಣಿಕೆ ಕೊಟ್ಟಿತು. ಬೇಲಾಪುರದ ಇಬ್ಬರು ತಮ್ಮೊಳಗೆ ಮಾತಾಡುವಾಗ ‘ಹದಿನೈದು’ ಎಂದರೆ ಸಾಕು, ಅರ್ಥವಾಗುತ್ತದೆ. ಊರಿನಿಂದ ಪತ್ರ ಬರಬೇಕಾದರೆ ಮಾತ್ರ ಬೇಲಾಪುರ ಎಂಬ ಹೆಸರೂ 400614 ಎಂಬ ಪಿನ್ ಕೋಡೂ ಜೊತೆಗೆ ಬೇಕು.

ಅಂದರೆ, ಒಂದು ಸಂಖ್ಯೆಗೆ ಅದನ್ನು ಕೊಟ್ಟ ಆವರಣದೊಳಗೆ ಮಾತ್ರ ಅರ್ಥ. ಆವರಣ ಬದಲಾದರೆ ಅದೇ ಸಂಖ್ಯೆ ಇನ್ನಾರದೋ ಆಗಿರುತ್ತದೆ. ಲಿನಕ್ಸ್ ಕರ್ನೆಲ್ಲಿನಲ್ಲಿ ಇದೇ ತತ್ವದ ಮೇಲೆ ನಿಂತ ಒಂದು ಏರ್ಪಾಡು ಇದೆ. ಅದರ ಹೆಸರು ಪಿಐಡಿ ನೇಮ್‌ಸ್ಪೇಸ್. ಈ ಸಲದ ಅಂಕಣ ಅದರ ಬಗ್ಗೆ.

ನಮಗೇಕೆ ಈ ಉಸಾಬರಿ ಎಂದು ಕೆಲವರಿಗೆ ಅನಿಸಬಹುದು. ಐರೋಲಿ, ರಬಾಳೆ, ಮಹಾಪೆ ಕಡೆಯ ಡೇಟಾ ಸೆಂಟರುಗಳಲ್ಲಿ, ಬೇಲಾಪುರದ ಕಚೇರಿಗಳಲ್ಲಿ ರಾತ್ರಿಪಾಳಿ ಮಾಡುವ ಮಕ್ಕಳು ನಮ್ಮ ಅನೇಕ ಮನೆಗಳಲ್ಲಿದ್ದಾರೆ. ‘ಇಡೀ ರಾತ್ರಿ ಪರದೆ ನೋಡಿಕೊಂಡು ಏನು ಮಾಡುತ್ತೀ’ ಎಂದು ಕೇಳಿದರೆ ಅವರಿಗೂ ಹೇಳಲು ಕಷ್ಟ. ಅವರು ಕಾಯುವುದು ಹೆಚ್ಚಾಗಿ ಇಂಥ ಸಂಖ್ಯೆಗಳನ್ನೇ. ನೀವು ಮೊಬೈಲಿನಲ್ಲಿ ಹಣ ಕಳಿಸಿದಾಗ, ರೈಲ್ವೆ ಟಿಕೆಟ್ ತೆಗೆದಾಗ, ಆಚೆ ತುದಿಯಲ್ಲಿ ಕೆಲಸ ಮಾಡುವ ಪ್ರೋಗ್ರಾಮುಗಳು ಬಹಳಷ್ಟು ಸಲ ಇಂಥ ಆವರಣಗಳೊಳಗೇ ಇರುತ್ತವೆ. ಅಲ್ಲಿ ಒಂದು ಸಂಖ್ಯೆಯನ್ನು ತಪ್ಪಾಗಿ ಓದಿದರೆ ನಿಂತುಹೋಗುವುದು ಬೇರೆ ಯಾರದೋ ಕೆಲಸ.

ಮೊದಲು ಬುಡದಿಂದ ನೋಡೋಣ. ಓಡುತ್ತಿರುವ ಪ್ರೋಗ್ರಾಮಿಗೆ ಪ್ರೋಸೆಸ್ ಎಂದು ಹೆಸರು. ಕರ್ನೆಲ್ ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಯಾರಿಗೆ ಎಷ್ಟು ಹೊತ್ತು ಪ್ರೊಸೆಸರ್, ಯಾರಿಗೆ ಎಷ್ಟು ಮೆಮೊರಿ ಎಂದು ತೀರ್ಮಾನಿಸುವುದು ಅದೇ. ಹೊಸ ಪ್ರೋಸೆಸ್ ಹುಟ್ಟಿದಾಗ ಕರ್ನೆಲ್ ಅದಕ್ಕೆ ಒಂದು ಸಂಖ್ಯೆ ಕೊಡುತ್ತದೆ. ಅದು ಪಿಐಡಿ. ಯಂತ್ರ ಚಾಲೂ ಆದಾಗ ಮೊದಲು ಎದ್ದೇಳುವ ಪ್ರೋಗ್ರಾಮಿಗೆ 1, ಆಮೇಲೆ ಹುಟ್ಟಿದವಕ್ಕೆ ಏರುತ್ತ ಹೋಗುವ ಸಂಖ್ಯೆಗಳು. ಲಿನಕ್ಸಿನಲ್ಲಿ ಹಿಂದಿನಿಂದ ಬಂದ ಮಿತಿ 32768. 64 ಬಿಟ್ ಯಂತ್ರಗಳಲ್ಲಿ ಅದನ್ನು 4194304ರ ವರೆಗೆ ಏರಿಸಬಹುದು. ಮಿತಿ ಮುಟ್ಟಿದ ಮೇಲೆ ಎಣಿಕೆ ತಿರುಗಿ ಕೆಳಗೆ ಬರುತ್ತದೆ, ಖಾಲಿಯಾದ ಸಂಖ್ಯೆಗಳು ಹೊಸಬರಿಗೆ ಹೋಗುತ್ತವೆ. ಎರಡನೆಯ ಸುತ್ತಿನಲ್ಲಿ 300ಕ್ಕಿಂತ ಕೆಳಗಿನವನ್ನು ಮಾತ್ರ ಮುಟ್ಟುವುದಿಲ್ಲ. ಹೀಗಾಗಿ ಇವತ್ತಿನ 1843 ನಾಳೆಯ 1843 ಆಗಿರಬೇಕೆಂದಿಲ್ಲ. ಬ್ಯಾಂಕಿನ ಟೋಕನ್ ಇದ್ದ ಹಾಗೆ: ಕೆಲಸ ಮುಗಿಸಿ ನೀವು ಹೊರಟ ಮೇಲೆ ಅದೇ ಬಿಲ್ಲೆ ಇನ್ನೊಬ್ಬರ ಕೈಗೆ.

ಒಂದು ಯಂತ್ರ, ಒಬ್ಬ ಯಜಮಾನ ಇದ್ದಾಗ ಇಷ್ಟೇ ಸಾಕಿತ್ತು. ಒಂದೇ ಸರ್ವರಿನಲ್ಲಿ ಹತ್ತಾರು ಗ್ರಾಹಕರನ್ನು ಕೂರಿಸುವ ಕಾಲ ಬಂದಾಗ ತೊಡಕು ಶುರುವಾಯಿತು. ಒಬ್ಬನ ಪ್ರೋಸೆಸ್‌ಗಳು ಇನ್ನೊಬ್ಬನಿಗೆ ಕಾಣಬಾರದು. ಇದಕ್ಕೆ ಫ್ರೀಬಿಎಸ್‌ಡಿ 2000ದಲ್ಲೇ ಜೈಲ್ ಎಂಬ ಉಪಾಯ ತಂದಿತು. ಒಳಗಿದ್ದವರಿಗೆ ಹೊರಗಿನವರು ಕಾಣುವುದಿಲ್ಲ, ಆದರೆ ಸಂಖ್ಯೆಗಳ ಎಣಿಕೆ ಮಾತ್ರ ಇಡೀ ಯಂತ್ರಕ್ಕೆ ಒಂದೇ. ಮರೆ ಮಾಡುವುದಷ್ಟೇ ಗುರಿಯಾಗಿದ್ದರೆ ಅಷ್ಟು ಸಾಕು. ಸಾಲದೆ ಹೋದದ್ದು ಇನ್ನೊಂದು ಕಾರಣಕ್ಕೆ. ಆ ಕಾರಣ ನಮ್ಮಂಥವರಿಗೆ ಬೇಗ ಅರ್ಥವಾಗುವಂಥದ್ದು, ಯಾಕೆಂದರೆ ಅದರ ಹೆಸರು ವಲಸೆ.

ಒಂದು ಸರ್ವರನ್ನು ರಿಪೇರಿಗೆ ಇಳಿಸಬೇಕಾಗಿದೆ ಎನ್ನಿ. ಅದರ ಮೇಲೆ ಓಡುತ್ತಿರುವ ಪ್ರೋಗ್ರಾಮುಗಳನ್ನು ಕೊಲ್ಲದೆ, ಇದ್ದ ಸ್ಥಿತಿಯಲ್ಲೇ ಹೆಪ್ಪುಗಟ್ಟಿಸಿ, ಪಕ್ಕದ ಸರ್ವರಿಗೆ ಸಾಗಿಸಿ, ಅಲ್ಲಿ ಮತ್ತೆ ಎಬ್ಬಿಸಬೇಕು. ಎಂಜಿನಿಯರುಗಳು ಇದಕ್ಕೆ ಮೈಗ್ರೇಶನ್ ಎಂದೇ ಹೇಳುವುದು. ಇಲ್ಲಿ ಪಿಐಡಿ ಅಡ್ಡ ಬರುತ್ತದೆ. ಪ್ರೋಸೆಸ್ ತನ್ನ ಸಂಖ್ಯೆಯನ್ನೂ ತನ್ನ ಮಕ್ಕಳ ಸಂಖ್ಯೆಗಳನ್ನೂ ಮೆಮೊರಿಯಲ್ಲಿ ನೆನಪಿಟ್ಟುಕೊಂಡಿರುತ್ತದೆ, ಫೈಲುಗಳಲ್ಲಿ ಬರೆದಿಟ್ಟಿರುತ್ತದೆ. ಹೊಸ ಯಂತ್ರದಲ್ಲಿ ಆ ಸಂಖ್ಯೆ ಆಗಲೇ ಬೇರೆಯವರದ್ದಾಗಿದ್ದರೆ? ಬೇರೆ ಸಂಖ್ಯೆ ಕೊಟ್ಟರೆ ಅದರ ನೆನಪೆಲ್ಲ ಸುಳ್ಳಾಗುತ್ತದೆ, ಹಳೆಯದನ್ನೇ ಕೊಡೋಣವೆಂದರೆ ಜಾಗ ಖಾಲಿ ಇಲ್ಲ.

ಇದಕ್ಕೆ ಕಂಡುಕೊಂಡ ದಾರಿ ಎಂದರೆ ಒಂದೇ ಪ್ರೋಸೆಸ್‌ಗೆ ಎರಡು ಸಂಖ್ಯೆ. ಒಳಗಿನ ಆವರಣದಲ್ಲಿ 7, ಹೊರಗಿನ ಯಂತ್ರದ ಲೆಕ್ಕದಲ್ಲಿ 23418. ವಲಸೆ ಹೋದಾಗ ಆವರಣ ಸಮೇತ ಹೋಗುತ್ತದೆ. ಹೊಸ ಯಂತ್ರ ತನ್ನ ಲೆಕ್ಕಕ್ಕೆ 23418ರ ಬದಲು 9120 ಎಂದು ಬರೆದುಕೊಳ್ಳಲಿ, ಒಳಗೆ ಅದು 7 ಆಗಿಯೇ ಉಳಿಯುತ್ತದೆ. ಅದರ ನೆನಪು ಕೆಡುವುದಿಲ್ಲ, ಮನೆಮಂದಿಯ ಜೊತೆಗಿನ ನಂಟೂ ಕಡಿಯುವುದಿಲ್ಲ.

ಇದು ನಮಗೆ ಹೊಸ ವಿಷಯವೇ? ಊರಿನಲ್ಲಿ ಮನೆಯ ಹೆಸರಿನಿಂದ ಕರೆಸಿಕೊಂಡವರು, ಅಜ್ಜಿಗೆ ಪುಟ್ಟನಾದವರು, ಇಲ್ಲಿ ಬಂದು ಶೆಟ್ಟಿ, ಪೂಜಾರಿ, ಗೌಡ ಆದದ್ದಿಲ್ಲವೇ? ಎರಡು ಇನಿಷಿಯಲ್ ಹೊತ್ತು ಬಂದವರಿಗೆ ಇಲ್ಲಿನ ಅರ್ಜಿಯಲ್ಲಿ ಸರ್‌ನೇಮ್ ಕಾಲಂ ಎದುರಾದಾಗ ತಂದೆಯ ಹೆಸರೋ ಊರಿನ ಹೆಸರೋ ಅಲ್ಲಿ ಕೂತು ಕಾಯಂ ಆದದ್ದು ಎಷ್ಟು ಮನೆಗಳ ಕತೆ! ಹೊರಗಿನ ದಫ್ತರಿಗೆ ಒಂದು ಹೆಸರು, ಒಳಗಿನವರಿಗೆ ಇನ್ನೊಂದು. ಎರಡೂ ಸುಳ್ಳಲ್ಲ. ಯಾವುದನ್ನು ಎಲ್ಲಿ ಹೇಳಬೇಕು ಎಂಬುದಷ್ಟೇ ಪ್ರಶ್ನೆ.

ಈ ಏರ್ಪಾಡು ಲಿನಕ್ಸಿಗೆ ಬಂದದ್ದು 2008ರ ಜನವರಿಯಲ್ಲಿ ಬಿಡುಗಡೆಯಾದ 2.6.24 ಆವೃತ್ತಿಯಲ್ಲಿ. ಕರ್ನೆಲ್ಲಿನ ಈ ಭಾಗದ ಫೈಲಿನ ತಲೆಯಲ್ಲಿ ಎರಡು ಹೆಸರು ಬರೆದಿವೆ: ಓಪನ್‌ವಿಝಡ್ ಯೋಜನೆಯ ಪಾವೆಲ್ ಎಮೆಲ್ಯಾನೋವ್ ಮತ್ತು ಐಬಿಎಮ್ಮಿನ ಸುಕದೇವ್ ಭಟ್ಟಿಪ್ರೋಲು, ವರ್ಷ 2007. ಎಮೆಲ್ಯಾನೋವ್ ಮುಂದೆ 2011ರಲ್ಲಿ ಕ್ರಿಯು ಎಂಬ ಯೋಜನೆ ಶುರುಮಾಡಿದರು. ಓಡುವ ಪ್ರೋಗ್ರಾಮನ್ನು ಹೆಪ್ಪುಗಟ್ಟಿಸಿ ಬೇರೆಡೆ ಎಬ್ಬಿಸುವ ಕೆಲಸವನ್ನು ಅದು ಸಾಮಾನ್ಯ ಲಿನಕ್ಸಿನಲ್ಲೂ ಸಾಧ್ಯವಾಗಿಸಿತು.

ಆ ದಿನಗಳಲ್ಲಿ ಬೆಂಗಳೂರಿನದೂ ಒಂದು ಪಾಲಿದೆ. ಇಂದು ನಾವು ಕಂಟೇನರ್ ಎನ್ನುವ ವಸ್ತು ಕರ್ನೆಲ್ಲಿನಲ್ಲಿ ಒಂದೇ ತುಂಡಾಗಿ ಇಲ್ಲ. ಯಾರಿಗೆ ಏನು ಕಾಣಬೇಕು ಎಂಬುದನ್ನು ನೇಮ್‌ಸ್ಪೇಸ್‌ಗಳು ನೋಡಿಕೊಳ್ಳುತ್ತವೆ, ಯಾರಿಗೆ ಎಷ್ಟು ಸಿಗಬೇಕು ಎಂಬುದನ್ನು ಸಿಗ್ರೂಪ್ ಎಂಬ ಇನ್ನೊಂದು ಏರ್ಪಾಡು. ಎರಡನ್ನೂ ಸೇರಿಸಿ ಹೊಲಿದರೆ ಕಂಟೇನರ್. ಐಬಿಎಮ್ಮಿನ ಬೆಂಗಳೂರು ತಂಡದಲ್ಲಿದ್ದ ಶ್ರೀವತ್ಸ ವಡ್ಡಗಿರಿ ಗುಂಪುಗಳ ನಡುವೆ ಪ್ರೊಸೆಸರಿನ ವೇಳೆ ಹಂಚುವ ಭಾಗಕ್ಕೂ, ಬಲ್ಬೀರ್ ಸಿಂಗ್ ಮೆಮೊರಿಗೆ ಮಿತಿ ಹಾಕುವ ಭಾಗಕ್ಕೂ ದುಡಿದವರು. ಮೊದಲನೆಯದು 2.6.24ರಲ್ಲಿ, ಎರಡನೆಯದು ಅದೇ ವರ್ಷ ಏಪ್ರಿಲ್‌ನಲ್ಲಿ ಬಂದ 2.6.25ರಲ್ಲಿ ಸೇರಿತು. ಡಾಕರ್ ಜಗತ್ತಿಗೆ ಕಾಣಿಸಿಕೊಂಡದ್ದು 2013ರಲ್ಲಿ, ಈ ಅಡಿಪಾಯ ಬಿದ್ದು ಐದು ವರ್ಷಗಳಾದ ಮೇಲೆ.

ಇನ್ನು ಒಳಗೆ ಇದು ನಡೆಯುವ ಬಗೆ. ಆವರಣದೊಳಗೆ ಇನ್ನೊಂದು ಆವರಣ, ಅದರೊಳಗೆ ಮತ್ತೊಂದು ಕಟ್ಟಬಹುದು. ಹೀಗೆ 32 ಹಂತಗಳವರೆಗೆ ಅವಕಾಶವಿದೆ. ಮೂರನೆಯ ಹಂತದಲ್ಲಿ ಹುಟ್ಟಿದ ಪ್ರೋಸೆಸ್‌ಗೆ ಮೂರು ಸಂಖ್ಯೆ: ತನ್ನ ಆವರಣದಲ್ಲೊಂದು, ಅದರ ಹೊರಗಿನದರಲ್ಲೊಂದು, ಎಲ್ಲಕ್ಕಿಂತ ಹೊರಗಿನ ಮೂಲ ಆವರಣದಲ್ಲೊಂದು. ಕರ್ನೆಲ್ ಒಳಗಿನ ಹಂತದಿಂದ ಆರಂಭಿಸಿ ಹೊರಕ್ಕೆ ಬರುತ್ತ ಒಂದೊಂದರಲ್ಲೂ ಸಂಖ್ಯೆ ಹಿಡಿಯುತ್ತದೆ. ಎಲ್ಲಿಯಾದರೂ ಒಂದು ಕಡೆ ಸಿಗದಿದ್ದರೆ ಅಲ್ಲಿಯವರೆಗೆ ಹಿಡಿದದ್ದನ್ನೆಲ್ಲ ವಾಪಸು ಕೊಟ್ಟು ‘ಆಗುವುದಿಲ್ಲ’ ಎನ್ನುತ್ತದೆ. ಯಾವ ಸಂಖ್ಯೆ ಖಾಲಿ, ಯಾವುದು ಭರ್ತಿ ಎಂಬ ಲೆಕ್ಕ ಮೊದಲು ಬಿಟ್‌ಗಳ ನಕ್ಷೆಯಲ್ಲಿತ್ತು. ಗಾರ್ಗಿ ಶರ್ಮಾ ಅವರ ಬದಲಾವಣೆಯಿಂದ 4.15 ಆವೃತ್ತಿಯಲ್ಲಿ ಅದು ಕರ್ನೆಲ್ಲಿನ ಬೇರೆ ಕೆಲಸಗಳಿಗೂ ಬಳಕೆಯಾಗುವ ಐಡಿಆರ್ ಎಂಬ ರಚನೆಗೆ ಬಂತು, ಪ್ರತ್ಯೇಕ ನಕ್ಷೆ ಸಾಕುವ ಕಷ್ಟ ತಪ್ಪಿತು.

ನೋಟ ಮಾತ್ರ ಒಂದೇ ದಿಕ್ಕಿನದು. ಹೊರಗಿನವರಿಗೆ ಒಳಗಿನವರೆಲ್ಲ ಕಾಣುತ್ತಾರೆ. ಒಳಗಿನವರಿಗೆ ಹೊರಗೆ ಒಂದು ಲೋಕ ಇದೆ ಎಂಬುದೇ ಕಾಣುವುದಿಲ್ಲ. ಒಳಗಿನ ಮೊದಲ ಪ್ರೋಸೆಸ್ ‘ನನ್ನನ್ನು ಹೆತ್ತವರ ಸಂಖ್ಯೆ ಏನು’ ಎಂದು ಕರ್ನೆಲ್ಲನ್ನು ಕೇಳಿದರೆ ಬರುವ ಉತ್ತರ 0. ಹೆತ್ತವರು ಇದ್ದಾರೆ, ಆದರೆ ಈ ಆವರಣದಲ್ಲಿ ಅವರಿಗೆ ಸಂಖ್ಯೆ ಇಲ್ಲ. ಓಡುತ್ತಿರುವ ಕಂಟೇನರಿನೊಳಗೆ ಹೊರಗಿನಿಂದ ಒಂದು ಶೆಲ್ ತೆರೆದು ಪಟ್ಟಿ ನೋಡಿದವರಿಗೆ ಆ ಶೆಲ್ಲಿನ ಎದುರು ಈ ಸೊನ್ನೆ ಕಂಡಿರುತ್ತದೆ. ಅದು ದೋಷವಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಆವರಣದಲ್ಲಿ 1 ಎಂಬ ಸಂಖ್ಯೆ ಪಡೆದವನು ಮನೆಯ ಯಜಮಾನ ಇದ್ದ ಹಾಗೆ. ಅವನ ಮೇಲೆ ಎರಡು ಹೊಣೆ.

ಮೊದಲನೆಯದು ಅನಾಥರ ಹೊಣೆ. ಒಂದು ಪ್ರೋಸೆಸ್ ಸತ್ತಾಗ ಅದರ ಕೊನೆಯ ಲೆಕ್ಕವನ್ನು ಹೆತ್ತ ಪ್ರೋಸೆಸ್ ಬಂದು ತೆಗೆದುಕೊಳ್ಳಬೇಕು. ತೆಗೆದುಕೊಳ್ಳುವವರೆಗೆ ಅದು ಪಟ್ಟಿಯಲ್ಲಿ ಹೆಣವಾಗಿ ಕೂತಿರುತ್ತದೆ. ಇಂಥದ್ದಕ್ಕೆ ಜೋಂಬಿ ಎಂದು ಹೆಸರು. ಅದು ಪ್ರೊಸೆಸರಿನ ವೇಳೆಯನ್ನೇನೂ ತಿನ್ನುವುದಿಲ್ಲ, ಆದರೆ ಸಂಖ್ಯೆಯನ್ನು ಬಿಟ್ಟುಕೊಡುವುದಿಲ್ಲ. ಹೆತ್ತವನೇ ಮೊದಲು ಸತ್ತರೆ ಮಕ್ಕಳು ಆವರಣದ 1ರ ಮಡಿಲಿಗೆ ಬರುತ್ತಾರೆ, ಅವರ ಕೊನೆಯ ಲೆಕ್ಕ ಅವನ ಪಾಲಿಗೆ. ಇಡೀ ಯಂತ್ರದ 1 ಈ ಕೆಲಸಕ್ಕೆಂದೇ ಬರೆದ ಪ್ರೋಗ್ರಾಮು. ಕಂಟೇನರಿನಲ್ಲಿ ಮಾತ್ರ ನಮ್ಮ ಸಾದಾ ವೆಬ್ ಪ್ರೋಗ್ರಾಮನ್ನೇ ತಂದು 1ರ ಪೀಠದಲ್ಲಿ ಕೂರಿಸಿರುತ್ತೇವೆ. ಅದಕ್ಕೆ ಈ ಕರ್ತವ್ಯ ಗೊತ್ತಿರುವುದಿಲ್ಲ. ಹೆಣಗಳು ಜಮೆಯಾಗುತ್ತ ಹೋಗಿ, ಕೊನೆಗೊಂದು ದಿನ ಹೊಸ ಪ್ರೋಸೆಸ್ ಹುಟ್ಟಲು ಸಂಖ್ಯೆಯೇ ಇರುವುದಿಲ್ಲ.

ಎರಡನೆಯದು ಸಂದೇಶದ ಹೊಣೆ. ಯಜಮಾನ ಸತ್ತರೆ ಆ ಆವರಣ ಮುಗಿಯಿತು, ಉಳಿದವರನ್ನೆಲ್ಲ ಕರ್ನೆಲ್ ಆ ಕ್ಷಣವೇ ಕೊಂದುಹಾಕುತ್ತದೆ. ಹೀಗಾಗಿ ಯಾರೋ ಅಜಾಗರೂಕತೆಯಿಂದ 1ನ್ನು ಕೊಲ್ಲಬಾರದೆಂದು ಕರ್ನೆಲ್ ಅವನಿಗೆ ಒಂದು ಕವಚ ಕೊಟ್ಟಿದೆ. ‘ಕೆಲಸ ಮುಗಿಸಿ ಹೊರಡು’ ಎಂಬ ಸೌಜನ್ಯದ ಸಂಕೇತ, ಸಿಗ್‌ಟರ್ಮ್, ಅವನನ್ನು ತಟ್ಟಬೇಕಾದರೆ ಅದಕ್ಕೆ ಏನು ಮಾಡಬೇಕೆಂದು ಅವನ ಪ್ರೋಗ್ರಾಮಿನಲ್ಲೇ ಮೊದಲು ಬರೆದಿರಬೇಕು. ಬರೆದಿಲ್ಲವಾದರೆ ಸಂಕೇತ ತಟ್ಟುವುದೇ ಇಲ್ಲ. ಬೇರೆ ಪ್ರೋಸೆಸ್‌ಗಳಾಗಿದ್ದರೆ ಅದೇ ಸಂಕೇತಕ್ಕೆ ಸುಮ್ಮನೆ ಮುಗಿದುಹೋಗುತ್ತಿದ್ದವು. ಒಳಗಿನವರು ಯಾವ ಸಂಕೇತ ಕಳಿಸಿಯೂ 1ನ್ನು ಬಲವಂತವಾಗಿ ಕೊಲ್ಲಲಾರರು. ಹೊರಗಿನ ಆವರಣದವರು ಮಾತ್ರ ಸಿಗ್‌ಕಿಲ್ ಕಳಿಸಿ ಕೊಲ್ಲಬಲ್ಲರು.

ಇದರ ಫಲ ಏನು ಗೊತ್ತೇ? ಡಾಕರಿಗೆ ‘ನಿಲ್ಲಿಸು’ ಎಂದರೆ ಅದು ಸಿಗ್‌ಟರ್ಮ್ ಕಳಿಸಿ ಸಾಮಾನ್ಯವಾಗಿ 10 ಸೆಕೆಂಡು ಕಾಯುತ್ತದೆ. ಕುಬರ್ನೆಟಿಸ್ 30 ಸೆಕೆಂಡು. ಆಮೇಲೆ ಸಿಗ್‌ಕಿಲ್. ಆ 10 ಅಥವಾ 30 ಸೆಕೆಂಡು ಇರುವುದು ಕೈಯಲ್ಲಿರುವ ವ್ಯವಹಾರ ಮುಗಿಸಲು, ಬರೆಯುತ್ತಿದ್ದ ಫೈಲನ್ನು ಪೂರ್ತಿ ಮಾಡಲು, ಡೇಟಾಬೇಸಿನ ಸಂಪರ್ಕ ಕಳಚಲು. 1ಕ್ಕೆ ಸಂಕೇತವೇ ತಟ್ಟದಿದ್ದರೆ ಅಷ್ಟೂ ಹೊತ್ತು ವ್ಯರ್ಥ, ಕೊನೆಗೆ ಅರ್ಧ ಬರೆದ ಕಡೆಯೇ ಕತ್ತು ಕತ್ತರಿಸಿದಂತೆ. ಹಣ ಒಂದು ಖಾತೆಯಿಂದ ಹೋಗಿದೆ, ಇನ್ನೊಂದಕ್ಕೆ ಸೇರಿದೆಯೋ ಇಲ್ಲವೋ ಎಂದು ರಾತ್ರಿಯೆಲ್ಲ ತಡಕಾಡುವ ಪಾಡು ಇಂಥಲ್ಲಿಂದಲೂ ಹುಟ್ಟಬಹುದು. ಪಾಳಿಯಲ್ಲಿರುವ ಮಕ್ಕಳಿಗೆ ಒಂದು ಗುರುತು ಹೇಳುತ್ತೇನೆ: ನೀವಾಗಿ ನಿಲ್ಲಿಸಿದ ಕಂಟೇನರ್ ಸರಿಯಾಗಿ 10 ಸೆಕೆಂಡಿಗೆ ನಿಂತು, ಮುಗಿದ ಸಂಕೇತವಾಗಿ 137 ತೋರಿಸಿದರೆ ಒಮ್ಮೆ ಯೋಚಿಸಿ. 128ಕ್ಕೆ 9 ಸೇರಿದರೆ 137, ಸಿಗ್‌ಕಿಲ್‌ನ ಸಂಖ್ಯೆ 9. ಅದು ಮುಗಿದದ್ದಲ್ಲ, ಕೊಲ್ಲಲ್ಪಟ್ಟದ್ದು. ಮೆಮೊರಿ ಮಿತಿ ಮೀರಿದಾಗಲೂ ಇದೇ 137 ಬರುತ್ತದೆ, ಆದ್ದರಿಂದ ಎಷ್ಟು ಹೊತ್ತಿಗೆ ಬಂತೆಂಬುದನ್ನೂ ನೋಡಿ.

ಪರಿಹಾರ ಕಷ್ಟದ್ದಲ್ಲ. ಪ್ರೋಗ್ರಾಮನ್ನು ಶೆಲ್ಲಿನ ಮೂಲಕ ಎಬ್ಬಿಸಿದರೆ ಶೆಲ್ಲೇ 1 ಆಗಿ ಕೂರಬಹುದು, ಬಂದ ಸಂಕೇತವನ್ನು ಅದು ಮಕ್ಕಳಿಗೆ ದಾಟಿಸುವುದಿಲ್ಲ. ಹಾಗಾಗಿ ನೇರವಾಗಿ ಎಬ್ಬಿಸಿ, ಸಿಗ್‌ಟರ್ಮ್‌ಗೆ ಉತ್ತರ ಬರೆಯಿರಿ. ಅದಾಗದಿದ್ದರೆ ಟಿನಿಯಂಥ ಪುಟ್ಟ ಪ್ರೋಗ್ರಾಮನ್ನು 1ರಲ್ಲಿ ಕೂರಿಸಿ. ಸಂಕೇತ ದಾಟಿಸುವುದು, ಸತ್ತವರ ಲೆಕ್ಕ ತೆಗೆಯುವುದು, ಇವೆರಡೇ ಅದರ ಉದ್ಯೋಗ. ಡಾಕರಿನಲ್ಲಿ ಇನಿಟ್ ಎಂಬ ಆಯ್ಕೆ ಕೊಟ್ಟರೆ ಅದೇ ಅದನ್ನು ಕೂರಿಸುತ್ತದೆ.

ಇನ್ನೊಂದು ತಲೆನೋವು ಪಿಐಡಿ ಫೈಲಿನದು. ಅನೇಕ ಹಳೆಯ ಪ್ರೋಗ್ರಾಮುಗಳು ಎದ್ದಾಗ ತಮ್ಮ ಸಂಖ್ಯೆಯನ್ನು ಒಂದು ಫೈಲಿನಲ್ಲಿ ಬರೆದಿಡುತ್ತವೆ. ಮುಂದಿನ ಸಲ ಎದ್ದಾಗ ಆ ಸಂಖ್ಯೆಯವರು ಬದುಕಿದ್ದಾರೆಯೇ ಎಂದು ನೋಡಿ, ಬದುಕಿದ್ದರೆ ‘ನಾನು ಆಗಲೇ ಓಡುತ್ತಿದ್ದೇನೆ’ ಎಂದು ಹಿಂದೆ ಸರಿಯುತ್ತವೆ. ಇಡೀ ಯಂತ್ರಕ್ಕೆ ಒಂದೇ ಎಣಿಕೆ ಇದ್ದಾಗ ಅದೇ ಸಂಖ್ಯೆ ಮರಳಿ ಸಿಗುವುದು ಅಪರೂಪ. ಕಂಟೇನರಿನಲ್ಲಿ ಪ್ರತಿ ಸಲವೂ ಎಣಿಕೆ 1ರಿಂದ. ಕರೆಂಟು ಹೋಗಿ ಬಂದ ಮೇಲೆ ಉಳಿದ ಹಳೆಯ ಫೈಲಿನಲ್ಲಿ 1 ಎಂದಿರುತ್ತದೆ, ಹೊಸದಾಗಿ ಎದ್ದದ್ದೂ 1. ತನ್ನನ್ನೇ ನೋಡಿ ಬೇರೆಯವರೆಂದು ತಿಳಿದು ಬಾಗಿಲು ಹಾಕಿಕೊಳ್ಳುತ್ತದೆ. ಏಳುವ ಮೊದಲು ಆ ಫೈಲನ್ನು ಅಳಿಸುವುದೇ ಇದಕ್ಕೆ ಮದ್ದು.

ರಾತ್ರಿ ಎರಡು ಗಂಟೆಗೆ ಅಲಾರಂ ಬಡಿದಾಗಿನ ಅಪಾಯ ಇದಕ್ಕಿಂತ ದೊಡ್ಡದು. ಕಂಟೇನರಿನ ಲಾಗ್ ‘1843 ಸಿಕ್ಕಿಹಾಕಿಕೊಂಡಿದೆ’ ಎನ್ನುತ್ತದೆ. ನಿದ್ದೆಗಣ್ಣಿನ ಹುಡುಗ ಹೊರಗಿನ ಯಂತ್ರದಲ್ಲಿ 1843ನ್ನು ಕೊಲ್ಲುತ್ತಾನೆ. ಹೊರಗಿನ 1843 ಬೇರೆ ಗ್ರಾಹಕನದ್ದಾಗಿರಬಹುದು. ವಾಶಿಯ ಸೆಕ್ಟರ್ 15ಕ್ಕೆ ಕಳಿಸಬೇಕಾದ ಬುಲ್ಡೋಜರನ್ನು ಬೇಲಾಪುರದ ಸೆಕ್ಟರ್ 15ಕ್ಕೆ ಕಳಿಸಿದ ಹಾಗೆ. ಮರುದಿನ ವಿಚಾರಣೆ ನಡೆಯುವುದು ಅವನದ್ದೇ. ಆದ್ದರಿಂದ ಮಕ್ಕಳೇ, ಸಂಖ್ಯೆ ಕಂಡೊಡನೆ ಕೇಳಬೇಕಾದ ಪ್ರಶ್ನೆ ರಿಕ್ಷಾದವನದ್ದು: ಎಲ್ಲಿಯ 1843? ಉತ್ತರ ಕರ್ನೆಲ್ಲಿನಲ್ಲೇ ಇದೆ. ಹೊರಗಿನ ಯಂತ್ರದ ಪ್ರಾಕ್ ಫೋಲ್ಡರಿನಲ್ಲಿ ಪ್ರತಿ ಪ್ರೋಸೆಸ್‌ಗೂ ಸ್ಟೇಟಸ್ ಎಂಬ ಫೈಲ್ ಇರುತ್ತದೆ. 2015ರ 4.1 ಆವೃತ್ತಿಯಿಂದ ಅದರಲ್ಲಿ ಎನ್‌ಎಸ್‌ಪಿಐಡಿ ಎಂಬ ಸಾಲು ಬರುತ್ತದೆ. ಅಲ್ಲಿ ಹೊರಗಿನ ಸಂಖ್ಯೆ ಎಡಕ್ಕೆ, ಒಳಗಿನದು ಬಲಕ್ಕೆ, ಪಕ್ಕಪಕ್ಕದಲ್ಲಿ: 23418, 7. ಕೊಲ್ಲುವ ಮುಂಚೆ ಆ ಒಂದು ಸಾಲು ಓದಲು ಅರ್ಧ ನಿಮಿಷ ಸಾಕು.

ಮನೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದ್ದವರು ಇದನ್ನು ಕಣ್ಣಾರೆ ನೋಡಬಹುದು. ಅನ್‌ಶೇರ್ ಎಂಬ ಆಜ್ಞೆಗೆ ಪಿಐಡಿ, ಫೋರ್ಕ್, ಮೌಂಟ್‌-ಪ್ರಾಕ್ ಎಂಬ ಮೂರು ಆಯ್ಕೆ ಕೊಟ್ಟು, ರೂಟ್ ಅಧಿಕಾರದಿಂದ ಒಂದು ಶೆಲ್ ತೆರೆಯಿರಿ. ಒಳಗೆ ಪ್ರೋಸೆಸ್‌ಗಳ ಪಟ್ಟಿ ಕೇಳಿದರೆ ನಿಮ್ಮ ಶೆಲ್ಲೇ 1. ಫೋರ್ಕ್ ಆಯ್ಕೆಯನ್ನು ಬಿಟ್ಟು ನೋಡಿ: ಒಂದು ಆಜ್ಞೆ ನಡೆಯುತ್ತದೆ, ಮುಂದಿನದಕ್ಕೆ ‘ಮೆಮೊರಿ ಸಿಗುತ್ತಿಲ್ಲ’ ಎಂಬ ದೂರು ಬರುತ್ತದೆ. ಮೆಮೊರಿ ಬೇಕಾದಷ್ಟಿದೆ. ಕರ್ನೆಲ್ಲಿನ ನಿಯಮದಂತೆ ಅನ್‌ಶೇರ್ ಮಾಡಿದವರು ಹಳೆಯ ಆವರಣದಲ್ಲೇ ಉಳಿಯುತ್ತಾರೆ, ಹೊಸ ಆವರಣಕ್ಕೆ ಸೇರುವುದು ಅವರ ಮಕ್ಕಳು. ಮೊದಲ ಮಗು 1 ಆಗಿ ಹುಟ್ಟಿ, ಕೆಲಸ ಮುಗಿಸಿ ಸತ್ತಿತು. ಯಜಮಾನನಿಲ್ಲದ ಮನೆಯಲ್ಲಿ ಇನ್ನು ಯಾರೂ ಹುಟ್ಟುವಂತಿಲ್ಲ. ಈ ತಪ್ಪುಸೂಚನೆಯನ್ನು ನಂಬಿ ಮೆಮೊರಿ ಹುಡುಕುತ್ತ ಕೂರಬೇಡಿ.

ಸಂಖ್ಯೆಯ ಮೇಲಿನ ಅತಿಯಾದ ನಂಬಿಕೆಯನ್ನು ಕರ್ನೆಲ್ ಬರೆಯುವವರೂ ಈಚೆಗೆ ಕಡಿಮೆ ಮಾಡುತ್ತಿದ್ದಾರೆ. 2019ರಲ್ಲಿ ಬಂದ 5.1 ಆವೃತ್ತಿಯಿಂದ ಪಿಐಡಿಎಫ್‌ಡಿ ಎಂಬ ಹಿಡಿಕೆಯ ಮೂಲಕ ಸಂಕೇತ ಕಳಿಸಬಹುದು. ಅದು ಸಂಖ್ಯೆಯನ್ನಲ್ಲ, ಆ ಪ್ರೋಸೆಸ್ಸನ್ನೇ ಹಿಡಿದಿರುತ್ತದೆ. ಪ್ರೋಸೆಸ್ ಸತ್ತು ಅದರ ಸಂಖ್ಯೆ ಬೇರೆಯವರಿಗೆ ಹೋದರೂ ಸಂಕೇತ ಹೊಸಬರಿಗೆ ತಗಲುವುದಿಲ್ಲ, ‘ಅವರು ಇಲ್ಲ’ ಎಂಬ ಉತ್ತರ ಬರುತ್ತದೆ. ನೀವು ಬರೆಯುವ ಹೊಸ ಪ್ರೋಗ್ರಾಮುಗಳಲ್ಲಿ ಇದನ್ನೇ ಬಳಸಿ. ಹಳೆಯವುಗಳಿಗೆ ಎನ್‌ಎಸ್‌ಪಿಐಡಿ ಸಾಲು ಇದೆ. ಈ ವಾರದ ಪಾಳಿಗೆ ಹೋದಾಗ ನಿಮ್ಮ ಕಂಟೇನರುಗಳಲ್ಲಿ 1ರ ಪೀಠದಲ್ಲಿ ಯಾರು ಕೂತಿದ್ದಾರೆ ಎಂದು ಒಮ್ಮೆ ನೋಡಿ ಬನ್ನಿ.